ಮನೆಯ ಅಕ್ವೇರಿಯಂಗೆ ಟ್ಯಾಂಕ್ ಮತ್ತು ಓವರ್‌ಫ್ಲೋ: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಟ್ಯಾಂಕ್ ಮಾಡಿಸಬೇಕು ಅಂತ ಹೊರಟವರು ಮೊದಲು ವಿಚಾರಿಸುವುದು ಅಳತೆ, ಆಮೇಲೆ ರೇಟು. ಓವರ್‌ಫ್ಲೋ, ಅಂದರೆ ಟ್ಯಾಂಕ್ ತುಂಬಿ ಬಂದ ನೀರು ಕೆಳಗಿಳಿಯುವ ದಾರಿ, ಅದರ ಮಾತು ಬರುವಷ್ಟರಲ್ಲಿ ಗಾಜು ಕತ್ತರಿಸಿ ಆಗಿರುತ್ತದೆ. ಇದು ತಿರುವುಮುರುವಾಗಬೇಕು. ನೀರು ಎಲ್ಲಿಂದ ಇಳಿಯುತ್ತದೆ, ಕರೆಂಟ್ ಹೋದಾಗ ಎಲ್ಲಿ ನಿಲ್ಲುತ್ತದೆ, ಒಂದು ಪೈಪು ಕಟ್ಟಿಕೊಂಡರೆ ಎತ್ತ ಹೋಗುತ್ತದೆ ಅನ್ನುವುದು ಮೊದಲು ತೀರ್ಮಾನವಾಗಲಿ. ಗಾಜಿನ ಆರ್ಡರ್ ಆಮೇಲೆ. ಇಲ್ಲಿನ ಉತ್ತರಗಳು ಸಿಹಿನೀರಿನ ಟ್ಯಾಂಕ್‌ಗೆ. ಲೆಕ್ಕಕ್ಕೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಹಿಡಿದಿದ್ದೇನೆ.

ಓವರ್‌ಫ್ಲೋ ಅಂದರೆ ನಿಜವಾಗಿ ಏನು ಮಾಡುತ್ತದೆ?

ಮೇಲಿನ ಟ್ಯಾಂಕ್‌ನಲ್ಲಿ ನೀರು ಒಂದು ಮಟ್ಟ ಮುಟ್ಟಿದ ಕೂಡಲೇ ಬಾಚಣಿಗೆ ಹಲ್ಲಿನಂತೆ ಕತ್ತರಿಸಿದ ಅಂಚು ದಾಟಿ ಒಂದು ಡಬ್ಬಿಗೆ ಬೀಳುತ್ತದೆ. ಅಲ್ಲಿಂದ ಪೈಪಿನಲ್ಲಿ ಕೆಳಗಿನ ಸಂಪ್‌ಗೆ ಇಳಿಯುತ್ತದೆ. ಸಂಪ್ ಅಂದರೆ ಮನೆ ಮುಂದೆ ನೆಲದಡಿ ಇರುವುದಲ್ಲ, ಸ್ಟ್ಯಾಂಡಿನ ಒಳಗೆ ಕೂರುವ ಗಾಜಿನ ತೊಟ್ಟಿ. ಅಲ್ಲಿ ಸೋಸಿದ ನೀರನ್ನು ಪಂಪ್ ಮತ್ತೆ ಮೇಲಕ್ಕೆ ಕಳಿಸುತ್ತದೆ.

ಒಂದು ಮಾತು ಮನಸ್ಸಿನಲ್ಲಿರಲಿ. ಓವರ್‌ಫ್ಲೋ ತಾನಾಗಿ ನೀರು ಎಳೆಯುವುದಿಲ್ಲ. ಪಂಪ್ ಎಷ್ಟು ಮೇಲೆ ಕಳಿಸುತ್ತದೋ ಅಷ್ಟನ್ನು ಕೆಳಗೆ ಬಿಡುತ್ತದೆ, ಅಷ್ಟೇ. ಹಾಗಾಗಿ ಮೇಲಿನ ಟ್ಯಾಂಕ್‌ನ ಮಟ್ಟ ಯಾವಾಗಲೂ ಒಂದೇ ಇರುತ್ತದೆ. ಏರುಪೇರು ಏನಿದ್ದರೂ ಕಾಣುವುದು ಸಂಪ್‌ನಲ್ಲಿ.

ಇನ್ನೊಂದು ಲಾಭ ಇದೆ. ನೀರಿನ ಮೇಲೆ ಕಟ್ಟುವ ಎಣ್ಣೆಯಂಥ ಪೊರೆ ಮೊದಲು ಅಂಚು ದಾಟಿ ಹೋಗುತ್ತದೆ. ಮೇಲ್ಮೈ ಶುಚಿಯಾಗಿದ್ದರೆ ಗಾಳಿಯ ಆಮ್ಲಜನಕ ನೀರಿಗೆ ಸಲೀಸಾಗಿ ಸೇರುತ್ತದೆ. ಹೀಟರ್, ಸ್ಪಾಂಜು, ವೈರುಗಳೆಲ್ಲ ಕೆಳಗೆ ಹೋಗಿ ಕಣ್ಣಿಗೆ ಮೀನು ಮಾತ್ರ ಕಾಣುತ್ತದೆ.

ನನಗೆ ಇದು ಬೇಕೇ ಬೇಕಾ?

3 ಅಡಿಗಿಂತ ಚಿಕ್ಕ ಟ್ಯಾಂಕ್‌ಗೆ ಬೇಡ. 2 ಅಡಿಯ ಟ್ಯಾಂಕ್‌ನಲ್ಲಿ ಗಪ್ಪಿ ಸಾಕುವವರಿಗೆ ಒಂದು ಸ್ಪಾಂಜ್ ಫಿಲ್ಟರ್ ಸಾಕು. 3 ಅಡಿಗೆ ಟ್ಯಾಂಕ್ ಹೊರಗೆ ಕೂರುವ ಮುಚ್ಚಿದ ಡಬ್ಬದ ಕ್ಯಾನಿಸ್ಟರ್ ಫಿಲ್ಟರ್ ಚೆನ್ನಾಗಿಯೇ ನಡೆಯುತ್ತದೆ. 4 ಅಡಿ ದಾಟಿದ ಮೇಲೆ, ಅಥವಾ ಗೋಲ್ಡ್‌ಫಿಶ್, ಆಸ್ಕರ್, ಫ್ಲವರ್‌ಹಾರ್ನ್ ಥರದ ಗಲೀಜು ಜಾಸ್ತಿ ಮಾಡುವ ಮೀನುಗಳಿದ್ದರೆ, ಸಂಪ್ ತನ್ನ ಬೆಲೆ ತೋರಿಸುತ್ತದೆ. ಗಿಡಗಳನ್ನೇ ಮುಖ್ಯವಾಗಿ ಬೆಳೆಸುವವರು ಸ್ವಲ್ಪ ಯೋಚಿಸಿ. ನೀರು ಬೀಳುವಾಗ ಕಲಕಿ, ನೀವು ಕೊಟ್ಟ ಕಾರ್ಬನ್ ಡೈಆಕ್ಸೈಡ್ ಒಂದಷ್ಟು ಹಾರಿಹೋಗುತ್ತದೆ.

ಯಾವ ಅಳತೆ ಒಳ್ಳೆಯದು?

ಎತ್ತರಕ್ಕಿಂತ ಅಗಲಕ್ಕೆ ದುಡ್ಡು ಹಾಕಿ. ಅಂಗಡಿಯಲ್ಲಿ ಎತ್ತರದ ಟ್ಯಾಂಕ್ ಚಂದ ಕಾಣುತ್ತದೆ, ನಿಜ. ಆದರೆ ಮೀನು ಈಜುವುದು ಅಡ್ಡಡ್ಡವಾಗಿ. ಮೇಲ್ಮೈ ಅಗಲವಾದಷ್ಟೂ ಗಾಳಿ ಜಾಸ್ತಿ ಸೇರುತ್ತದೆ. 2 ಅಡಿಗಿಂತ ಆಳವಾದರೆ ತಳ ಮುಟ್ಟಲು ತೋಳು ಸಾಲುವುದಿಲ್ಲ, ಸ್ಟೂಲ್ ಹತ್ತಿ ಭುಜದ ತನಕ ಮುಳುಗಿಸಬೇಕು. ಆಗ ಕ್ಲೀನ್ ಮಾಡುವ ಕೆಲಸ ವಾರದಿಂದ ತಿಂಗಳಿಗೆ ಜಾರುತ್ತದೆ.

ಅಗಲಕ್ಕೆ ಇನ್ನೊಂದು ಕಾರಣ ಓವರ್‌ಫ್ಲೋ ಡಬ್ಬಿಯೇ. 1 ಅಡಿ ಅಗಲದ ಟ್ಯಾಂಕ್‌ನಲ್ಲಿ ಡಬ್ಬಿ 8 ಇಂಚು ತಿಂದರೆ ಮೀನಿಗೆ ಉಳಿಯುವುದೇನು? 2 ಅಡಿ ಅಗಲ ಇದ್ದರೆ ಅದು ಒಂದು ಮೂಲೆಯ ವಿಷಯ.

ನೀರು ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿ. ಲೀಟರ್ ಸಿಗುತ್ತದೆ. ನಮ್ಮ ಲೆಕ್ಕದ ಟ್ಯಾಂಕ್ ಸುಮಾರು 450 ಲೀಟರ್.

ಗಾಜು ಎಷ್ಟು ದಪ್ಪ ಇರಬೇಕು?

ಗಾಜನ್ನು ಹೊರಕ್ಕೆ ತಳ್ಳುವ ಒತ್ತಡ ನೀರಿನ ಎತ್ತರದಿಂದ ಬರುತ್ತದೆ. ಉದ್ದ ಜಾಸ್ತಿಯಾದಷ್ಟೂ ಗಾಜು ನಡುವೆ ಬಾಗುತ್ತದೆ. 2 ಅಡಿ ಎತ್ತರ, 4 ಅಡಿ ಉದ್ದಕ್ಕೆ 12 ಮಿಮೀ ಕೇಳಿ. ಒಂದೂವರೆ ಅಡಿ ಎತ್ತರದ 3 ಅಡಿ ಟ್ಯಾಂಕ್‌ಗೆ 8 ಮಿಮೀ ಸಾಕು. "10 ಸಾಕು ಸಾರ್, ನಾವು ಎಷ್ಟು ಕೊಟ್ಟಿಲ್ಲ" ಅನ್ನುವವರು ಸಿಗುತ್ತಾರೆ. ಮೇಲೆ ಸುತ್ತಲೂ ಗಾಜಿನ ಪಟ್ಟಿ ಅಂಟಿಸಿದರೆ 10 ನಿಲ್ಲಬಹುದು. ಪಟ್ಟಿ ಇಲ್ಲದ ತೆರೆದ ಟ್ಯಾಂಕ್‌ಗೆ ಆ ಮಾತು ಒಪ್ಪಬೇಡಿ. ಗಾಜು ಅಂಟಿಸುವ ಸಿಲಿಕೋನ್ ವಿಷಯದಲ್ಲಿ ಒಂದೇ ಸೂಚನೆ: ಬೂಸ್ಟು ಹಿಡಿಯದಂತೆ ಔಷಧಿ ಸೇರಿಸಿದ, ಬಾತ್‌ರೂಮಿಗೆ ಮಾಡಿದ ಸಿಲಿಕೋನ್ ಬೇಡವೇ ಬೇಡ. ಅದು ಮೀನಿಗೆ ವಿಷ.

ನಮ್ಮದು ಮೂರನೇ ಮಹಡಿ ಫ್ಲಾಟ್. ನೆಲ ತಡೆಯುತ್ತದಾ?

ಮೊದಲು ತೂಕ ಲೆಕ್ಕ ಹಾಕೋಣ. ನೀರು 450 ಕೆಜಿ. 12 ಮಿಮೀ ಗಾಜು ಸುಮಾರು 90 ಕೆಜಿ. ಮರಳು, ಕಲ್ಲು 50. ಸಂಪ್ ಮತ್ತು ಅದರ ನೀರು 100ರ ಹತ್ತಿರ. ಸ್ಟ್ಯಾಂಡ್ 50. ಎಲ್ಲ ಸೇರಿ 700 ದಾಟಿತು. ಇದು ಕೂರುವ ಜಾಗ ಮುಕ್ಕಾಲು ಚದರ ಮೀಟರ್‌ನಷ್ಟು ಮಾತ್ರ.

ವಾಸದ ಮನೆಯ ಕೋಣೆಗಳಿಗೆ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹಿಡಿಯುವುದು ಚದರ ಮೀಟರ್‌ಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ. ಅದು ಇಡೀ ಕೋಣೆಯ ಮೇಲೆ ಹರಡಿದ ಭಾರದ ಲೆಕ್ಕ. ಹಾಗಾಗಿ ಟ್ಯಾಂಕ್ ಇಟ್ಟ ಕೂಡಲೇ ಸ್ಲ್ಯಾಬ್ ಕುಸಿಯುತ್ತದೆ ಅಂತ ಅರ್ಥವಲ್ಲ. ಆದರೆ ಹಾಲ್ ಮಧ್ಯದಲ್ಲಿ ಇಡಬಹುದು ಅಂತಲೂ ಅಲ್ಲ. ಕೆಳಗೆ ಬೀಮ್ ಇರುವ ಗೋಡೆಗೆ ತಾಗಿಸಿ, ಕಂಬದ ಹತ್ತಿರ ಇಡಿ. ಬಾಲ್ಕನಿಗೆ ಬೇಡ. ಕಟ್ಟಡದ ಸ್ಟ್ರಕ್ಚರಲ್ ಡ್ರಾಯಿಂಗ್ ಅಸೋಸಿಯೇಷನ್ ಹತ್ತಿರ ಸಿಕ್ಕರೆ ಒಬ್ಬ ಇಂಜಿನಿಯರ್‌ಗೆ ತೋರಿಸಿ. ಟ್ಯಾಂಕ್‌ನ ಒಟ್ಟು ಖರ್ಚಿನಲ್ಲಿ ಅವರ ಫೀಸು ದೊಡ್ಡದಲ್ಲ, ಕೆಳಗಿನ ಮನೆಯವರ ತಲೆ ಮೇಲಿನ ವಿಚಾರ ಇದು.

ಸ್ಟ್ಯಾಂಡ್ ಇಟ್ಟ ಮೇಲೆ ರಸಮಟ್ಟ ಹಿಡಿದು ಎರಡೂ ದಿಕ್ಕಿನಲ್ಲಿ ನೋಡಿ. ಓವರ್‌ಫ್ಲೋ ಟ್ಯಾಂಕ್‌ನಲ್ಲಿ ಮಟ್ಟ ತಪ್ಪಿದ್ದು ಕೂಡಲೇ ಕಾಣುತ್ತದೆ. ಅಂಚಿನ ಒಂದು ಕಡೆ ಮಾತ್ರ ನೀರು ದಾಟುತ್ತದೆ, ಇನ್ನೊಂದು ಕಡೆ ಹಲ್ಲುಗಳು ಒಣಗಿ ನಿಂತಿರುತ್ತವೆ.

ಡಬ್ಬಿ ಎಲ್ಲಿರಬೇಕು? ಮೂಲೆಯಲ್ಲಾ, ಮಧ್ಯದಲ್ಲಾ, ಹೊರಗಾ?

ಮೂಲೆಯ ಡಬ್ಬಿ ನಮ್ಮ ಅಂಗಡಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ತಳದ ಗಾಜಿನಲ್ಲಿ ತೂತು, ಸುತ್ತ ಕಪ್ಪು ಗಾಜಿನ ಗೋಡೆ. ಟ್ಯಾಂಕನ್ನು ಗೋಡೆಗೆ ಪೂರ್ತಿ ಒತ್ತಿಸಿ ಇಡಬಹುದು. ತೊಂದರೆ ಅಂದರೆ ತಳದಿಂದ ತುದಿಯವರೆಗೆ ಒಂದು ಕಂಬದಷ್ಟು ಜಾಗ ಹೋಗುತ್ತದೆ.

ನನಗೆ ಇಷ್ಟವಾದದ್ದು ಹಿಂದಿನ ಗಾಜಿನ ಮೇಲ್ಭಾಗದಲ್ಲಿ ತೂತು ಕೊರೆದು, ಒಳಗೆ ತೆಳ್ಳನೆಯ ಡಬ್ಬಿ, ಹೊರಗೆ ಪೈಪುಗಳಿರುವ ದೊಡ್ಡ ಡಬ್ಬಿ ಕೂರಿಸುವುದು. ಗೋಸ್ಟ್ ಓವರ್‌ಫ್ಲೋ ಅನ್ನುತ್ತಾರೆ. ಒಳಗೆ ಜಾಗ ಉಳಿಯುತ್ತದೆ. ಅಂಚು ಉದ್ದವಾಗಿ ಮಾಡಿಸಬಹುದು, ಉದ್ದವಾದಷ್ಟೂ ಮೇಲಿನ ಪೊರೆ ಚೆನ್ನಾಗಿ ಹೋಗುತ್ತದೆ. ತೂತು ಮೇಲೇ ಇರುವುದರಿಂದ ನಿಪ್ಪಲ್ (ತೂತಿಗೆ ಪೈಪು ಜೋಡಿಸುವ ತುಂಡು) ಸೋರಿದರೂ ಟ್ಯಾಂಕ್ ಪೂರ್ತಿ ಖಾಲಿಯಾಗುವುದಿಲ್ಲ. ಆದರೆ ಗೋಡೆಯಿಂದ 6 ಇಂಚು ಮುಂದೆ ಇಡಬೇಕು. ಚಿಕ್ಕ ಹಾಲ್‌ನಲ್ಲಿ ಆ 6 ಇಂಚು ಜಾಸ್ತಿಯೇ.

ತೂತು ಕೊರೆಯದೆ, ಅಂಚಿಗೆ ನೇತುಹಾಕುವ ಓವರ್‌ಫ್ಲೋ ಸಿಗುತ್ತದಲ್ಲ?

ಸಿಗುತ್ತದೆ. ಟ್ಯಾಂಕ್ ಅಂಚಿನ ಮೇಲಿಂದ ಯು ಆಕಾರದ ಕೊಳವೆ ಸೈಫನ್ ಮಾಡಿ, ಅಂದರೆ ಗಾಳಿ ಇಲ್ಲದೆ ನೀರು ತುಂಬಿಕೊಂಡು ತಾನಾಗಿ ತಗ್ಗಿಗೆ ಎಳೆದು, ನೀರು ದಾಟಿಸುತ್ತದೆ. ಆ ಕೊಳವೆಯ ನೆತ್ತಿಯಲ್ಲಿ ಗಾಳಿಗುಳ್ಳೆ ಸೇರುತ್ತಾ ಹೋದರೆ ಒಂದು ದಿನ ಸೈಫನ್ ಮುರಿಯುತ್ತದೆ. ಪಂಪ್‌ಗೆ ಅದು ಗೊತ್ತಿಲ್ಲ, ನೀರು ಮೇಲೆ ಕಳಿಸುತ್ತಲೇ ಇರುತ್ತದೆ. ಹಾಲ್ ತುಂಬ ನೀರು. ಹೊಸ ಟ್ಯಾಂಕ್ ಮಾಡಿಸುವವರು ಈ ದಾರಿಗೆ ಹೋಗಲೇಬೇಡಿ.

ಪೈಪು ಒಂದು ಸಾಕಾ, ಎರಡಾ, ಮೂರಾ?

ಒಂದು ಸಾಲುವುದಿಲ್ಲ. ಒಂದೇ ಪೈಪು ಇದ್ದಾಗ ಅದರ ಬಾಯಿಗೆ ಒಂದು ಎಲೆಯೋ, ಸತ್ತ ಮೀನೋ, ಬಸವನಹುಳುವೋ ಸಿಕ್ಕಿಕೊಂಡರೆ ಮುಗಿಯಿತು.

ಪದ್ಧತಿಗಳು ಮುಖ್ಯವಾಗಿ ಮೂರು. ಡರ್ಸೋ ಅಂದರೆ ಮೇಲ್ತುದಿ ಕೆಳಕ್ಕೆ ಬಾಗಿದ ಪೈಪು, ನೆತ್ತಿಯ ಮುಚ್ಚಳದಲ್ಲಿ ಗಾಳಿಗೆ ಸಣ್ಣ ತೂತು. ನೀರು ಮತ್ತು ಗಾಳಿ ಜೊತೆಯಲ್ಲಿ ಇಳಿಯುತ್ತವೆ. ಕಟ್ಟುವುದು ಸುಲಭ. 1 ಇಂಚಿನ ಪೈಪಾದರೆ ಗಂಟೆಗೆ 1500ರಿಂದ 2000 ಲೀಟರ್ ತನಕ ನೆಮ್ಮದಿಯಾಗಿ ನಡೆಯುತ್ತದೆ, ಆಮೇಲೆ ಗೊರಗೊರ ಶುರು.

ಹರ್ಬಿ ಪದ್ಧತಿಯಲ್ಲಿ ಎರಡು ಪೈಪು. ಒಂದರಲ್ಲಿ ಗಾಳಿ ಸೇರದೆ ಪೂರ್ತಿ ನೀರು ಇಳಿಯುತ್ತದೆ, ಕೆಳಗೊಂದು ಗೇಟ್ ವಾಲ್ವ್ (ಹಲವು ಸುತ್ತು ತಿರುಗಿಸಿ ನಿಧಾನವಾಗಿ ಮುಚ್ಚುವಂಥದ್ದು). ವಾಲ್ವನ್ನು ತಿರುಗಿಸುತ್ತಾ ಡಬ್ಬಿಯೊಳಗಿನ ನೀರನ್ನು ಒಂದು ಮಟ್ಟಕ್ಕೆ ನಿಲ್ಲಿಸಬೇಕು. ಎರಡನೇ ಪೈಪಿನ ಬಾಯಿ ಆ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಣಗಿ ನಿಂತಿರುತ್ತದೆ. ಮೊದಲನೆಯದು ಕಟ್ಟಿಕೊಂಡ ದಿನ ಇದು ಕೆಲಸಕ್ಕೆ ಬರುತ್ತದೆ. ಗಾಳಿ ಇಲ್ಲದ್ದರಿಂದ ಸದ್ದೇ ಇಲ್ಲ. ಅದೇ 1 ಇಂಚಿನಲ್ಲಿ ಡರ್ಸೋಗಿಂತ ಎಷ್ಟೋ ಜಾಸ್ತಿ ನೀರು ಹೋಗುತ್ತದೆ.

ಬೀನ್ ಅನಿಮಲ್ ಅನ್ನುವುದು ಇದಕ್ಕೆ ಇನ್ನೊಂದು ಪೈಪು ಸೇರಿಸಿದ್ದು. ಹರ್ಬಿಯಲ್ಲಿ ಸ್ಪಾಂಜಿಗೆ ಕೊಳೆ ಹತ್ತಿದರೂ, ಪಂಪ್ ವೇಗ ಸ್ವಲ್ಪ ಬದಲಾದರೂ ಡಬ್ಬಿಯ ಮಟ್ಟ ಜರುಗುತ್ತದೆ, ಮತ್ತೆ ವಾಲ್ವ್ ಮುಟ್ಟಬೇಕು. ಇಲ್ಲಿ ನಡುವಿನ ಪೈಪು ಆ ಹೆಚ್ಚುವರಿ ಒಂದಿಷ್ಟು ನೀರನ್ನು ಸದ್ದಿಲ್ಲದೆ ಇಳಿಸಿಕೊಳ್ಳುತ್ತದೆ. ಮೂರನೆಯದು ಆಪತ್ತಿಗೆ.

4 ಅಡಿ ಟ್ಯಾಂಕ್‌ಗೆ ಹರ್ಬಿ ಸಾಕು. ಜಾಗ ಇದ್ದರೆ ಮೂರು ತೂತು ಹಾಕಿಸಿ. ಆಪತ್ತಿನ ಪೈಪೊಂದೇ ಸಾಕು ಅನ್ನುವ ಹಾಗೆ ಪಂಪ್‌ನ ಅಷ್ಟೂ ನೀರನ್ನು ಇಳಿಸುವಂತಿರಬೇಕು, ಮತ್ತು ಅದಕ್ಕೆ ಯಾವ ವಾಲ್ವೂ ಇರಬಾರದು.

ವಾಲ್ವ್ ಬಗ್ಗೆ ಎರಡು ಮಾತು. ಹ್ಯಾಂಡಲ್ ಕಾಲು ಸುತ್ತು ತಿರುಗುವ ಬಾಲ್ ವಾಲ್ವ್‌ನಲ್ಲಿ ನಯವಾಗಿ ಹೊಂದಿಸಲು ಆಗುವುದಿಲ್ಲ, ಕೂದಲೆಳೆ ಅಲುಗಿದರೂ ಮಟ್ಟ ಹಾರುತ್ತದೆ. ಗೇಟ್ ವಾಲ್ವೇ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟ್ ವಾಲ್ವ್ ಕೇಳಿದರೆ ಹಿತ್ತಾಳೆಯದ್ದು ಕೊಡುತ್ತಾರೆ. ಬೇಡ. ಹಿತ್ತಾಳೆಯಲ್ಲಿ ತಾಮ್ರ ಇದೆ, ಸಿಗಡಿ ಸಾಯುತ್ತವೆ. ಪಿವಿಸಿಯದ್ದು ಹುಡುಕಿ ತನ್ನಿ.

ಸಂಪ್ ಎಷ್ಟು ದೊಡ್ಡದಿರಬೇಕು?

ಎಲ್ಲ ಪ್ರಶ್ನೆಗಳಿಗಿಂತ ಇದು ಮುಖ್ಯ. ಕರೆಂಟ್ ಹೋದ ಕೂಡಲೇ ಪಂಪ್ ನಿಲ್ಲುತ್ತದೆ. ಮೇಲಿನ ನೀರು ಅಂಚಿನ ಮಟ್ಟಕ್ಕೆ ಇಳಿಯುವ ತನಕ ಕೆಳಗೆ ಬರುತ್ತಲೇ ಇರುತ್ತದೆ. ಅಷ್ಟೇ ಅಲ್ಲ, ನೀರು ಮೇಲೆ ತರುವ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದ್ದರೆ ಆ ಪೈಪೂ ಉಲ್ಟಾ ಎಳೆಯಲು ಶುರು ಮಾಡುತ್ತದೆ. ಬಾಯಿಗೆ ಗಾಳಿ ಸಿಗುವ ತನಕ ನಿಲ್ಲುವುದಿಲ್ಲ.

ಲೆಕ್ಕ ಹಾಕಿ. ನಮ್ಮ ಟ್ಯಾಂಕ್‌ನ ಮೇಲ್ಮೈ ಸುಮಾರು 120 ಸೆಂಮೀ ಉದ್ದ, 60 ಸೆಂಮೀ ಅಗಲ. ನೀರು 1 ಸೆಂಮೀ ಇಳಿದರೆ 7.2 ಲೀಟರ್. ಪೈಪಿನ ಬಾಯಿ 5 ಸೆಂಮೀ ಆಳದಲ್ಲಿದ್ದರೆ 36 ಲೀಟರ್. ಓವರ್‌ಫ್ಲೋ ಡಬ್ಬಿ ಮತ್ತು ಪೈಪುಗಳಲ್ಲಿ ಇರುವುದು ಇನ್ನೊಂದು 8 ಲೀಟರ್ ಅನ್ನಿ. ಒಟ್ಟು 44 ಲೀಟರ್ ಒಂದೆರಡು ನಿಮಿಷದಲ್ಲಿ ಸಂಪ್‌ಗೆ ಬರುತ್ತದೆ. ಸಂಪ್ 75 ಸೆಂಮೀ ಉದ್ದ, 38 ಸೆಂಮೀ ಅಗಲ ಇದ್ದರೆ ಅದರಲ್ಲಿ 15 ಸೆಂಮೀಗಿಂತ ಜಾಸ್ತಿ ಖಾಲಿ ಜಾಗ ಇರಬೇಕು. 38 ಸೆಂಮೀ ಎತ್ತರದ ಸಂಪನ್ನು ಅರ್ಧಕ್ಕಿಂತ ಮೇಲೆ ತುಂಬುವಂತಿಲ್ಲ.

ಈಗ ಪೈಪಿನ ಬಾಯಿಯ ಹತ್ತಿರ, ನೀರಿನ ಮಟ್ಟದಿಂದ 1 ಸೆಂಮೀ ಕೆಳಗೆ, ಒಂದು ಸಣ್ಣ ತೂತು ಹಾಕಿ. ನೀರು ಅಷ್ಟು ಇಳಿದ ಕೂಡಲೇ ತೂತಿನಿಂದ ಗಾಳಿ ಒಳಗೆ ಹೋಗಿ ಸೈಫನ್ ಮುರಿಯುತ್ತದೆ. 36 ಲೀಟರ್ 7ಕ್ಕೆ ಇಳಿಯಿತು. ಡ್ರಿಲ್ ಬಿಟ್ ಒಂದು ಕ್ಷಣ ತಾಗಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಆ ತೂತಿಗೆ ಪಾಚಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಹಲ್ಲುಕಡ್ಡಿ ಹಾಕಿ ಬಿಡಿಸಿ. ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಹಾಕಿದ್ದೇನೆ, ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಒಂದು ಮರಳು ಕಣವೋ ಬಸವನಹುಳದ ಮರಿಯೋ ಸಿಕ್ಕಿಕೊಂಡರೆ ಅದು ಮುಚ್ಚಿಕೊಳ್ಳುವುದೇ ಇಲ್ಲ.

ತದ್ವಿರುದ್ಧದ ಲೆಕ್ಕವೂ ಬೇಕು. ಎಲ್ಲ ಪೈಪುಗಳೂ ಕಟ್ಟಿಕೊಂಡವು ಅಂದುಕೊಳ್ಳಿ. ಪಂಪ್ ತನ್ನ ಕೋಣೆಯ, ಅಂದರೆ ಸಂಪ್‌ನಲ್ಲಿ ಅದು ಕೂರುವ ಭಾಗದ, ನೀರನ್ನೆಲ್ಲ ಮೇಲೆ ಹಾಕಿ ಆಮೇಲೆ ಒಣಗಿ ಓಡುತ್ತದೆ. ಆ ಕೋಣೆಯಲ್ಲಿ 20 ಲೀಟರ್ ಇದ್ದರೆ ಮೇಲಿನ ಟ್ಯಾಂಕ್ 3 ಸೆಂಮೀಯಷ್ಟು ಏರುತ್ತದೆ. ಮೇಲಂಚಿಗೆ 4 ಸೆಂಮೀ ಬಿಟ್ಟಿದ್ದರೆ ಒಂದು ಹನಿಯೂ ನೆಲಕ್ಕೆ ಬೀಳುವುದಿಲ್ಲ. ಅದಕ್ಕೇ ಪಂಪ್ ಕೋಣೆ ಚಿಕ್ಕದಿರಲಿ ಅನ್ನುವುದು.

ಸ್ಟ್ಯಾಂಡ್ ಮಾಡುವ ವೆಲ್ಡರ್‌ಗೆ ಸಂಪ್ ಅಳತೆ ಮೊದಲೇ ಕೊಡಿ. ಮುಂದೆ ನಡುಗಂಬ ಹಾಕಿಬಿಟ್ಟರೆ ಸಂಪ್ ಒಳಗೆ ಹೋಗುವುದಿಲ್ಲ. ಸಂಪ್ ಮೇಲೆ 1 ಅಡಿಯಾದರೂ ಖಾಲಿ ಬಿಡಿಸಿ, ಫಿಲ್ಟರ್ ಬಟ್ಟೆ ಎತ್ತಿ ತೆಗೆಯಬೇಕಲ್ಲ.

ಪಂಪ್ ಎಷ್ಟರದ್ದು?

ಗಂಟೆಗೆ ಟ್ಯಾಂಕ್ ನೀರಿನ 4ರಿಂದ 5 ಪಟ್ಟು ಸಂಪ್ ಮೂಲಕ ಹಾದರೆ ಸಾಕು. ನಮಗೆ 1800ರಿಂದ 2250 ಲೀಟರ್. ಡಬ್ಬದ ಮೇಲೆ ಬರೆದಿರುವುದು ಎತ್ತರವೇ ಇಲ್ಲದಾಗಿನ ಲೆಕ್ಕ. ನೀರು 4 ಅಡಿ ಮೇಲೇರಿ, ಎಲ್ಬೋಗಳಲ್ಲಿ ತಿರುಗಿ ಬರುವಷ್ಟರಲ್ಲಿ ಬಹಳ ಕಡಿಮೆಯಾಗುತ್ತದೆ. 3000ದಿಂದ 3500ರದ್ದು ತಗೊಂಡು, ಡಬ್ಬದ ಮೇಲಿನ ಎತ್ತರದ ಪಟ್ಟಿ ನೋಡಿ. ವೇಗ ಬದಲಿಸಬಹುದಾದ ಡಿಸಿ ಪಂಪ್ ಆದರೆ ಇನ್ನೂ ಒಳ್ಳೆಯದು.

ಮನೆಯಲ್ಲಿರುವ ಹಳೆ ಟ್ಯಾಂಕ್‌ಗೆ ತೂತು ಕೊರೆಸಬಹುದಾ?

ಟಫನ್ಡ್ ಗಾಜಾದರೆ (ಕಾಯಿಸಿ ಗಟ್ಟಿ ಮಾಡಿದ್ದು) ಖಂಡಿತ ಆಗದು, ಡ್ರಿಲ್ ತಾಗಿದರೆ ಪೂರ್ತಿ ಗಾಜು ಪುಡಿಪುಡಿ. ಕೆಲವು ರೆಡಿಮೇಡ್ ಟ್ಯಾಂಕ್‌ಗಳಲ್ಲಿ ತಳ ಮಾತ್ರ ಟಫನ್ಡ್ ಇರುತ್ತದೆ, ವಿಚಾರಿಸಿಕೊಳ್ಳಿ. ಸಾದಾ ಗಾಜನ್ನು ಡೈಮಂಡ್ ಬಿಟ್‌ನಲ್ಲಿ, ನೀರು ಬಿಡುತ್ತಾ, ಒತ್ತದೆ ಕೊರೆಯುತ್ತಾರೆ. ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಕನಿಷ್ಠ ಆ ತೂತಿನ ಅಗಲದಷ್ಟು ಜಾಗ ಬಿಡಬೇಕು.

1 ಇಂಚಿನ ಟ್ಯಾಂಕ್ ನಿಪ್ಪಲ್‌ಗೆ 1 ಇಂಚಿನ ತೂತು ಸಾಲುವುದಿಲ್ಲ. ಮರೆ (ಥ್ರೆಡ್) ಇರುವ ಭಾಗ ಅದಕ್ಕಿಂತ ದಪ್ಪ, ಕಂಪನಿಯಿಂದ ಕಂಪನಿಗೆ ಬೇರೆ. ನಿಪ್ಪಲ್ ಮೊದಲೇ ಕೊಂಡು, ಗಾಜಿನ ಅಂಗಡಿಗೆ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಕೂರಿಸುವಾಗ ರಬ್ಬರ್ ವಾಷರ್ ನೀರಿರುವ ಕಡೆ, ತಲೆಯ ಅಡಿಗೆ. ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು. ಪೈಪ್ ರೆಂಚ್‌ನಲ್ಲಿ ಬಲ ಹಾಕಿದರೆ ಗಾಜು ಸೀಳುತ್ತದೆ.

ಮೀನು ಓವರ್‌ಫ್ಲೋ ಒಳಗೆ ಹೋಗುವುದಿಲ್ವಾ?

ಹೋಗುತ್ತವೆ. ಹಲ್ಲುಗಳ ಸಂದು 6 ಮಿಮೀ ಇದ್ದರೆ ದೊಡ್ಡ ಮೀನು ನಿಲ್ಲುತ್ತದೆ, ಗಪ್ಪಿ ಮರಿಗಳು ಸಲೀಸಾಗಿ ದಾಟುತ್ತವೆ. ಮರಿ ಬೇಕಾದವರು ಪ್ಲಾಸ್ಟಿಕ್ ಜಾಲರಿ ಸುತ್ತಿ, ವಾರಕ್ಕೊಮ್ಮೆ ತೊಳೆಯಿರಿ. ತಳದಲ್ಲಿ ಓಡಾಡುವ ಲೋಚ್ ಜಾತಿಯ ಮೀನುಗಳಂತೂ ಸಂದು ಹುಡುಕಿಕೊಂಡೇ ಹೋಗುತ್ತವೆ. ಅಕ್ವೇರಿಯಂ ಲೋಕ ಜೀಬ್ರಾ ಲೋಚ್ ಅಂತ ಕರೆಯುವ ಪಟ್ಟೆಪಟ್ಟೆಯ ಮೀನು ನಮ್ಮ ತುಂಗೆಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್ 1920ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಈಗ ಅದು ಅಪಾಯದಂಚಿನ ಜಾತಿ. ಸಾಕುವುದಾದರೆ ನದಿಯಿಂದ ಹಿಡಿದದ್ದನ್ನು ಕೊಳ್ಳಬೇಡಿ. ಮಿಸ್ ಕೇರಳ ಅನ್ನುವ ಕೆಂಪುಗೆರೆಯ ಮೀನಿಗೂ ಇದೇ ಮಾತು, ಅದು ಕೇರಳ ಮತ್ತು ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳದ್ದು. ಚೆನ್ನಾಗಿ ಹಾರುತ್ತದೆ ಬೇರೆ, ಮೇಲೆ ಜಾಲರಿ ಮುಚ್ಚಳ ಇಲ್ಲದೆ ಇಡಬೇಡಿ.

ರಾತ್ರಿ ಗೊರಗೊರ ಸದ್ದು ಬರುತ್ತದೆ. ಏನು ಮಾಡಲಿ?

ಸದ್ದು ಬರುವುದು ನೀರಿನ ಜೊತೆ ಗಾಳಿ ಇಳಿಯುವಾಗ. ಡರ್ಸೋ ಆದರೆ ಮುಚ್ಚಳದ ತೂತನ್ನು ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡಿ ನೋಡಿ. ಡಬ್ಬಿಯೊಳಗೆ ನೀರು ಎತ್ತರದಿಂದ ಬೀಳುತ್ತಿದ್ದರೆ ಒಳಗಿನ ಮಟ್ಟ ಏರಿಸಿ. ಸಂಪ್‌ನಲ್ಲಿ ಪೈಪಿನ ತುದಿ ನೀರಿನಲ್ಲಿ 2–3 ಸೆಂಮೀ ಮುಳುಗಿರಲಿ. ಅದಕ್ಕಿಂತ ಆಳ ಬೇಡ, ಗಾಳಿ ಹೊರಗೆ ಹೋಗಲಾಗದೆ ಸೈಫನ್ ಶುರುವಾಗುವುದೇ ಕಷ್ಟವಾಗುತ್ತದೆ.

ಮೀನು ಬಿಡುವ ಮೊದಲು ಏನೇನು ಪರೀಕ್ಷೆ ಮಾಡಬೇಕು?

ಬರೀ ನೀರು ತುಂಬಿಸಿ ಪಂಪ್ ಓಡಿಸಿ. ಮಟ್ಟ ಸ್ಥಿರವಾದ ಮೇಲೆ ಸ್ವಿಚ್ ಆಫ್ ಮಾಡಿ, ಸಂಪ್‌ನಲ್ಲಿ ನೀರು ಏರಿ ನಿಲ್ಲುವ ತನಕ ಕಾಯಿರಿ. ತುಂಬಿ ಚೆಲ್ಲುವ ಹಾಗಿದ್ದರೆ ನೀರು ತೆಗೆಯಿರಿ. ಮತ್ತೆ ಆನ್ ಮಾಡಿ, ಮಟ್ಟ ನಿಂತ ಮೇಲೆ ಪಂಪ್ ಕೋಣೆಯ ಗಾಜಿಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಇನ್ನು ಮುಂದೆ ಆ ಗೆರೆ ದಾಟಿ ಒಂದು ಚೊಂಬು ನೀರೂ ಹಾಕಬಾರದು.

ಆಮೇಲೆ ಗೇಟ್ ವಾಲ್ವ್ ಪೂರ್ತಿ ಮುಚ್ಚಿ. ಆಪತ್ತಿನ ಪೈಪು ಜೋರು ಸದ್ದು ಮಾಡುತ್ತಾ ನೀರನ್ನೆಲ್ಲ ಇಳಿಸಬೇಕು. ಕೊನೆಗೆ ಎಲ್ಲ ಪೈಪುಗಳಿಗೂ ಬಟ್ಟೆ ತುರುಕಿ, ಪಂಪ್ ಕೋಣೆ ಖಾಲಿಯಾಗುವ ತನಕ ಮೇಲಿನ ಟ್ಯಾಂಕ್ ಚೆಲ್ಲುತ್ತದಾ ನೋಡಿ, ಕೂಡಲೇ ಪಂಪ್ ಆಫ್ ಮಾಡಿ. ಈ ಮೂರೂ ನಿಮ್ಮ ಕಣ್ಣೆದುರು ಆಗಲಿ. ಟ್ಯಾಂಕ್ ಕೂರಿಸಲು ಬಂದವರು ಹೋಗುವ ಮೊದಲೇ ಆದರೆ ಇನ್ನೂ ಒಳ್ಳೆಯದು.

ಕರೆಂಟ್ ಪದೇ ಪದೇ ಹೋಗುತ್ತದೆ. ಬೇರೆ ಏನಾದರೂ ಬೇಕಾ?

ಹರ್ಬಿ, ಬೀನ್ ಅನಿಮಲ್ ಎರಡೂ ಕರೆಂಟ್ ಬಂದ ಮೇಲೆ ತಾವಾಗಿಯೇ ಶುರುವಾಗುತ್ತವೆ. ಮನೆಯ ಯುಪಿಎಸ್‌ಗೆ ಪಂಪ್ ಸೇರಿಸಿ, ಹೀಟರ್ ಸೇರಿಸಬೇಡಿ. ಅದೂ ಇಲ್ಲದಿದ್ದರೆ ಬ್ಯಾಟರಿ ಏರ್ ಪಂಪ್ ಒಂದು ಇರಲಿ. ಅಕ್ವೇರಿಯಂ ಪ್ಲಗ್ಗುಗಳ ಲೈನ್‌ಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಕಡ್ಡಾಯ. ವೈರುಗಳು ಪ್ಲಗ್ಗಿಗಿಂತ ತಗ್ಗಿಗೆ ಇಳಿದು ಆಮೇಲೆ ಮೇಲೇರಲಿ, ಹನಿ ನೀರು ವೈರ್ ಹಿಡಿದು ಸಾಕೆಟ್‌ಗೆ ಹೋಗದ ಹಾಗೆ.

ಸಂಪ್‌ನಲ್ಲಿ ನೀರು ದಿನಾ ಕಡಿಮೆ ಆಗುತ್ತಿದೆ. ಸೋರುತ್ತಿದೆಯಾ?

ಸುತ್ತ ಒಣಗಿದ್ದರೆ ಆವಿಯಾಗುತ್ತಿದೆ ಅಷ್ಟೇ. ಇಡೀ ಟ್ಯಾಂಕ್‌ನ ಆವಿ ಪಂಪ್ ಕೋಣೆಯೊಂದರಲ್ಲೇ ಕಾಣುವುದರಿಂದ ಜಾಸ್ತಿ ಅನ್ನಿಸುತ್ತದೆ. ಬೇಸಿಗೆಯಲ್ಲಿ, ಫ್ಯಾನ್ ಕೆಳಗೆ, ಇನ್ನೂ ಬೇಗ. ಊರಿಗೆ ಹೋಗುವವರು ಫ್ಲೋಟ್ ಇಟ್ಟು ತಾನಾಗಿ ನೀರು ತುಂಬುವ ವ್ಯವಸ್ಥೆ ಮಾಡಿಕೊಳ್ಳಿ, ಆದರೆ ಅದನ್ನು ನೇರ ನಲ್ಲಿಗೆ ಜೋಡಿಸಬೇಡಿ. ಫ್ಲೋಟ್ ಸಿಕ್ಕಿಕೊಂಡರೆ ನಲ್ಲಿ ನಿಲ್ಲುವುದಿಲ್ಲ, ಕ್ಲೋರಿನ್ ಬೇರೆ. 10–15 ಲೀಟರ್‌ನ ಕ್ಯಾನ್ ಸಾಕು. ಬೋರ್‌ವೆಲ್ ನೀರಾದರೆ ಹಲ್ಲುಗಳ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಬಾಚಣಿಗೆ ಬಿಚ್ಚಿ ತೆಗೆಯುವಂತೆ ಮಾಡಿಸಿದ್ದರೆ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿದರೆ ಹೋಗುತ್ತದೆ.